ಕೆನ್ನೆಗೆ ಹಿಡಿದ ಪಂಜು

ಗ್ಯಾಸಿಗೆ ತನ್ನದೇ ವಾಸನೆ ಅಂತ ಏನೂ ಇಲ್ಲ. ಸೋರಿದರೆ ಜನರಿಗೆ ತಿಳಿಯಲಿ ಎಂದು ಅದಕ್ಕೊಂದು ನಾತವನ್ನು ಬೆರೆಸಿರುತ್ತಾರೆ. ಕೊಳೆತ ಕೋಸು, ಒಡೆದ ಮೊಟ್ಟೆ, ಕಟ್ಟಿಕೊಂಡ ಮೋರಿ, ಈ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ವಾರ ಬಿಟ್ಟು ಮುಚ್ಚಳ ತೆಗೆದಂಥ ನಾತ. ಅದು ಚಿಮಣಿಯ ಕೈಗೆ, ಜಡೆಗೆ, ಊಟದ ಡಬ್ಬಿಯ ಮುಚ್ಚಳಕ್ಕೆ ಹತ್ತಿಕೊಂಡು ವರ್ಷಗಳೇ ಆಗಿದ್ದವು. ಬಸ್ಸಿನಲ್ಲಿ ಅವಳ ಪಕ್ಕ ಕೂತವರು ಎರಡು ನಿಮಿಷ ಮೂಗು ಅರಳಿಸಿ, ಕಿಟಕಿಯತ್ತ ನೋಡಿ, ಆಮೇಲೆ ಇಳಿಯುವ ಸ್ಥಳ ಬಂದವರ ಹಾಗೆ ಎದ್ದುಹೋಗುತ್ತಿದ್ದರು.

ಕಾರ್ಖಾನೆಗೆ ಸೇರಿದ ಮೊದಲ ವಾರ ಬರ್ನರಿಗೆ ಬಾಯಿಟ್ಟು ಊದಿ ಮುಖವೆಲ್ಲ ಮಸಿ ಮಾಡಿಕೊಂಡವಳನ್ನು ಲೇತ್ ಮಾವ ‘ಚಿಮಣಿ’ ಎಂದು ಕರೆದದ್ದು, ಹನ್ನೊಂದು ವರ್ಷದಿಂದ ಹಾಗೇ ಅಂಟಿಕೊಂಡಿತ್ತು. ಲೇತ್ ಮಾವ ಎಂದರೆ ಲೇತ್ ಯಂತ್ರದ ಮುಂದೆ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡ ಹಿರಿಯ. ಅವನು ಯಾರಿಗೂ ಮಾವನಲ್ಲ, ಹಾಗಾಗಿ ಎಲ್ಲರಿಗೂ ಮಾವ. ಅಲ್ಲಿ ಅವರು ಮಾಡುತ್ತಿದ್ದದ್ದು ಒಲೆಯ ಬರ್ನರುಗಳು. ಅಂಥ ಜಾಗಕ್ಕೆ ಒಂದು ದಿನ, ದೇಶದೇಶಗಳ ಆಟಗಾರರು ಬಂದು ಸೇರುವ ದೊಡ್ಡ ಕ್ರೀಡಾಕೂಟದ ಪಂಜು ಮಾಡುವ ಕೆಲಸ ಬಂದಿತು. ಎಂಟು ಸಾವಿರ ಪಂಜು. ಒಬ್ಬೊಬ್ಬರು ಇನ್ನೂರು ಹೆಜ್ಜೆ ಓಡಬೇಕು, ತಮ್ಮ ಬೆಂಕಿಯನ್ನು ಮುಂದಿನವರ ಪಂಜಿಗೆ ಮುಟ್ಟಿಸಬೇಕು, ಆರಿದ ತಮ್ಮ ಪಂಜನ್ನು ನೆನಪಿಗೆಂದು ಮನೆಗೆ ಒಯ್ಯಬೇಕು. ಹೊರಗಿನ ಆಕಾರ, ಚಿನ್ನದ ಲೇಪ ಎಲ್ಲ ವಿನ್ಯಾಸಕಾರರದ್ದು. ಒಳಗಿನ ಬೆಂಕಿ ಚಿಮಣಿಯದ್ದು.

ವಿನ್ಯಾಸಕಾರರು ಎರಡು ಮಾತಿಗೊಮ್ಮೆ ‘ಪರಿಕಲ್ಪನೆ’ ಎನ್ನುತ್ತಿದ್ದರು. ಅದಕ್ಕೆ ಕಾರ್ಖಾನೆಯಲ್ಲಿ ಅವರ ಹೆಸರು ಪರಿಕಲ್ಪನೆ ಸಾಹೇಬರು. ಅವರ ಪಂಜು ಮೊದಲು ಹಕ್ಕಿಯಾಗಿತ್ತು. ಆಮೇಲೆ ಅಲೆಯಾಯಿತು, ಆಮೇಲೆ ಮೊಳಕೆ, ಆಮೇಲೆ ಆಕಾಶಕ್ಕೆ ಚಾಚಿದ ಮಗುವಿನ ತೋಳು. ನೋಡಿದರೆ ಪ್ರತಿ ಸಲವೂ ಅದೇ ಕೊಳವೆ. ತುದಿಯ ಕೊಯ್ತ ಒಂದು ಬೆರಳು ಆಚೀಚೆ. ಬದಲಾಗುತ್ತಿದ್ದದ್ದು ಕಥೆ ಮಾತ್ರ.

“ನಿನ್ನೆ ಹಕ್ಕಿ ಅಂತ ಕೊಯ್ದಿದ್ದೆ, ಇವತ್ತು ಅದನ್ನೇ ಹಿಡ್ಕೊಂಡು ಅಲೆ ಅಂತಾರೆ,” ಎಂದಿದ್ದ ಲೇತ್ ಮಾವ. “ನಾಳೆ ಕುರಿ ಅನ್ನಲಿ, ನಂಗೇನು. ಒಂದು ನೂಲು ಕಮ್ಮಿ ಕೊಯ್ದು ಬ್ಯಾ ಅನ್ನಿಸ್ತೀನಿ.”

ಚಿಮಣಿ ನಕ್ಕಿದ್ದಳು. ಕಥೆಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಕಥೆ ಕೇಳುತ್ತಲೇ ಬೆಳೆದವಳು ಅವಳು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ ದೊಡ್ಡಮ್ಮ ನಲವತ್ತೊಂದು ವರ್ಷ ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡಿದವಳು. ಕೆಂಡದ ಪೆಟ್ಟಿಗೆ ಹಿಡಿದು ಹಿಡಿದು ಅವಳ ಬೆರಳ ತುದಿಗಳು ಕಾಯಿಗಟ್ಟಿ, ಬಿಸಿ ಯಾವುದು ತಂಪು ಯಾವುದು ಎಂಬ ಗುರುತೇ ಅವಕ್ಕೆ ಉಳಿದಿರಲಿಲ್ಲ. ಪೆಟ್ಟಿಗೆ ಕಾದಿದೆಯೋ ಇಲ್ಲವೋ ನೋಡಲು ಅದನ್ನು ಎತ್ತಿ ಎಡಗೆನ್ನೆಯ ಹತ್ತಿರ ತರುತ್ತಿದ್ದಳು. ಕೆನ್ನೆ ‘ಹೂಂ’ ಎಂದರೆ ಬಟ್ಟೆಗೆ ಇಡುವುದು. ಹೀಗೆ ಕೆನ್ನೆಯನ್ನು ಕೇಳುತ್ತ, ಅಂಗಿಗಳ ತೋಳು ಮಡಿಸುತ್ತ, ಮೇಜಿನ ಕೆಳಗೆ ಕೂತ ಪುಟ್ಟ ಹುಡುಗಿಗೆ ಕಥೆ ಹೇಳುತ್ತಿದ್ದಳು.

ಅವುಗಳಲ್ಲಿ ಒಂದನ್ನು ಚಿಮಣಿ ಚಹಾದ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದ್ದೇ ತಪ್ಪಾಯಿತು. ಬೆಂಕಿಯಮ್ಮ ಮನೆಮನೆಗೆ ಹೋಗಿ, ನನ್ನನ್ನು ಇಟ್ಟುಕೊಳ್ಳುತ್ತೀರಾ, ಹೊಗೆ ನನ್ನ ಮಗ, ಬೂದಿ ನನ್ನ ಮಗಳು, ಮೂವರಿಗೂ ಜಾಗ ಬೇಕು ಎಂದು ಕೇಳುತ್ತಿದ್ದಳಂತೆ. ಬಡವರೆಲ್ಲ ಕರೆದು ಕೂರಿಸಿದರಂತೆ. ಅರಮನೆಯ ಹೆಂಗಸು ಮಾತ್ರ, ನೀನೊಬ್ಬಳೇ ಬಾ, ಆ ಕೊಳಕು ಮಕ್ಕಳನ್ನು ಆಚೆ ಬಿಟ್ಟು ಬಾ ಎಂದಳಂತೆ. ಸರಿ, ಬೆಂಕಿಯಮ್ಮ ಒಬ್ಬಳೇ ಒಳಗೆ ಹೋದಳು. ಮುಖ ತೋರಿಸಲಿಲ್ಲ, ಸದ್ದು ಮಾಡಲಿಲ್ಲ. ಅಟ್ಟದಿಂದ ಹೊಸಿಲವರೆಗೆ ಮನೆಯನ್ನೆಲ್ಲ ಕೂತಲ್ಲೇ ತಿಂದು ಮುಗಿಸಿದಳು.

ಪರಿಕಲ್ಪನೆ ಸಾಹೇಬರು ಚಹಾದ ಲೋಟ ಕೆಳಗಿಟ್ಟು, “ಇಸ್ತ್ರಿ ಮಾಡ್ತಿದ್ರಾ ನಿಮ್ಮ ದೊಡ್ಡಮ್ಮ? ಕೈಗೆ ಬಿಸೀನೇ ಗೊತ್ತಾಗಲ್ವಾ?” ಎಂದು ಕೇಳಿದರು. ಕಥೆ ಅವರ ಕಿವಿಗೆ ಬಿದ್ದಿರಲಿಲ್ಲ. ಬಿದ್ದದ್ದು ಆ ಕೈ.

ಮುಂದಿನ ವಾರ ಕ್ರೀಡಾಕೂಟದ ಸಮಿತಿಯವರು ಬಂದರು. ಗೋಡೆಯ ಮೇಲೆ ದೊಡ್ಡಮ್ಮನ ಕೈ ಆಳೆತ್ತರಕ್ಕೆ ಮೂಡಿತು. ಫೋಟೋ ತೆಗೆಯಲು ಮನೆಗೆ ಬಂದವನು ಬೆರಳಿಗೆ ಎಣ್ಣೆ ಸವರಿಸಿದ್ದ, ಗಂಟುಗಳು ಹೊಳೆಯಲಿ ಎಂದು. ಸಾಹೇಬರು ಕಣ್ಣು ಅರೆಮುಚ್ಚಿ ಹೇಳಿದರು: “ಇದು ಬೆಂಕಿ ಸುಡಲಾರದ ಕೈ. ಈ ತಾಯಿ ಜೀವನವಿಡೀ ಬಟ್ಟೆಯ ಸುಕ್ಕು ತೆಗೆದರು. ನಮ್ಮ ಪಂಜಿನ ತುದಿ ಆ ಇಸ್ತ್ರಿಪೆಟ್ಟಿಗೆಯ ಮೂತಿ. ರಾಷ್ಟ್ರ ರಾಷ್ಟ್ರಗಳ ನಡುವಿನ ಸುಕ್ಕುಗಳನ್ನು ನೇರ ಮಾಡುವ ಜ್ವಾಲೆ. ಇದು ಪರಿಕಲ್ಪನೆ.”

ಸಮಿತಿಯ ಅಧ್ಯಕ್ಷೆ ಕಣ್ಣಿನ ಕಾಡಿಗೆಗೆ ತಾಗದಂತೆ ಒರೆಸುವ ಕಾಗದದ ತುದಿ ಚೂಪು ಮಾಡಿ ನೀರು ಒರೆಸಿಕೊಂಡರು. ಚಿಮಣಿ ಮಾದರಿ ಪಂಜಿನತ್ತ ನೋಡಿದಳು. ಅದೇ ಕೊಳವೆ. ಮೊನ್ನೆ ಮಗುವಿನ ತೋಳಾಗಿದ್ದದ್ದು. ಆದರೆ ಅದೇ ಕೂಟದಲ್ಲಿ, ಮೊದಲ ಪಂಜು ಹಿಡಿಯುವವರು ಆ ತಾಯಿಯೇ ಎಂದು ತೀರ್ಮಾನವಾದಾಗ ಅವಳು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ದೊಡ್ಡಮ್ಮನಿಗೆ ಎಂಥ ಖುಷಿಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಲಾಂಡ್ರಿಯ ಗಿರಾಕಿಗಳಲ್ಲಿ ಒಬ್ಬರೂ ಅವಳ ಮುಖ ನೋಡಿದವರಲ್ಲ. ಮುಂದಿನ ಬಾಗಿಲು ಮಾಲೀಕರಿಗೆ, ಹಿಂದಿನದು ಅವಳಿಗೆ.

ಹೊರಡುವ ಮುಂಚೆ ಅಧ್ಯಕ್ಷೆ ಒಂದು ಮಾತು ಹೇಳಿದರು. ಮಾದರಿ ಪಂಜಿನ ಬೆಂಕಿ ಹಳದಿಯಾಗಿತ್ತು. ಚಿನ್ನದ ಅಂಚಿಗೆ ಸ್ವಲ್ಪ ಮಸಿ ಹಿಡಿದಿತ್ತು. ಅವರು ಬೆರಳಿಂದ ಮುಟ್ಟಿ, ಆ ಬೆರಳನ್ನು ತಮ್ಮದಲ್ಲವೆಂಬಂತೆ ದೂರ ಹಿಡಿದು, “ಇದು ಮಾತ್ರ ಬೇಡ. ಶುದ್ಧವಾದ ಬೆಂಕಿ ಬೇಕು,” ಎಂದರು.

ಶುದ್ಧ ಮಾಡುವುದು ಚಿಮಣಿಗೆ ನೀರು ಕುಡಿದಷ್ಟು ಸುಲಭ. ಬರ್ನರಿನ ಬುಡದಲ್ಲಿ ನಾಲ್ಕು ಗಾಳಿತೂತಿದ್ದವು, ಆರು ಮಾಡಿದಳು. ಗಾಳಿ ಹೆಚ್ಚಾಗಿ ಬೆಂಕಿ ನೀಲಿಗೆ ತಿರುಗಿತು. ಹೊಗೆ ಇಲ್ಲ, ಮಸಿ ಇಲ್ಲ. ಜ್ವಾಲೆಯ ಉದ್ದ ಅಳೆಯಲು ಪರೀಕ್ಷೆಯ ಕೋಣೆಯಲ್ಲಿ ಒಂದು ಕಪ್ಪು ಬಟ್ಟೆ ಇಳಿಬಿಡುವುದು ಅವರ ರೂಢಿ; ಕಪ್ಪಿನ ಎದುರು ಜ್ವಾಲೆಯ ತುದಿ ಕೂದಲೆಳೆಯಷ್ಟು ಸ್ಪಷ್ಟ. ಬಟ್ಟೆ ಹೊಲಿದು ನೇತುಹಾಕಿದವಳೂ ಚಿಮಣಿಯೇ. ಅದರ ಎದುರು ಆ ನೀಲಿ ಬೆಂಕಿ ಕಥೆಯೊಳಗಿನ ನಾಗಮಣಿಯ ಹಾಗೆ ನಿಂತಿತು. ಕಾರ್ಖಾನೆಯೆಲ್ಲ ಬಂದು ನೋಡಿತು. ಲೇತ್ ಮಾವ ಕೂಡ ಟೊಪ್ಪಿಗೆ ತೆಗೆದು, “ಪರವಾಗಿಲ್ಲ ಕಣೇ,” ಎಂದ. ಪರೀಕ್ಷೆಯ ಹಾಳೆಯಲ್ಲಿ ‘ಜ್ವಾಲೆ ಕಾಣುತ್ತದೆಯೇ’ ಎಂಬ ಸಾಲಿನ ಮುಂದೆ ಚಿಮಣಿ ‘ಕಾಣುತ್ತದೆ’ ಎಂದು ದುಂಡಗೆ ಬರೆದು ರುಜು ಹಾಕಿದಳು. ಎಂಟು ಸಾವಿರ ಪಂಜಿಗೂ ಆರಾರು ತೂತು ಕೊರೆದಾಯಿತು, ಚಿನ್ನ ಲೇಪಿಸಿಯಾಯಿತು.

ಪಂಜು ಓಡುವುದು ಬಯಲಿನಲ್ಲಿ, ಹಗಲಿನಲ್ಲಿ ಎಂಬುದು ಅಷ್ಟು ಜನರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಅವರು ಜನ್ಮವಿಡೀ ಬೆಂಕಿಯನ್ನು ನೋಡಿದ್ದೇ ಕೋಣೆಯೊಳಗೆ, ಆ ಬಟ್ಟೆಯ ಎದುರು.

ಪರೀಕ್ಷೆಯ ಕೋಣೆಗೆ ಸುಣ್ಣ ಬಳಿಯುತ್ತಿದ್ದ ದಿನ ಚಿಮಣಿ ಒಂದು ಪಂಜನ್ನು ಅಂಗಳಕ್ಕೆ ಒಯ್ದಳು. ನೆತ್ತಿಯ ಮೇಲೆ ಬಿಸಿಲು. ಗುಂಡಿ ಒತ್ತಿದಳು, ಗ್ಯಾಸಿನ ಸುಯ್ಯೆಂಬ ಸದ್ದು ಬಂತು, ನಾತವೂ ಒಮ್ಮೆ ಮೂಗಿಗೆ ಬಡಿದುಹೋಯಿತು, ಆದರೆ ಬೆಂಕಿ ಇಲ್ಲ. ಮತ್ತೆ ಒತ್ತಿದಳು. ಇಲ್ಲ. ಕಸದ ಡಬ್ಬಿಯಿಂದ ಎದ್ದ ದಪ್ಪ ನೊಣವೊಂದು ಪಂಜಿನ ಮೇಲೆ ಹಾದುಹೋಗಲು ನೋಡಿತು. ಗಾಳಿಯಲ್ಲೇ ಚಟ್ ಎಂದಿತು. ಕಾಲು ಮುದುಡಿಕೊಂಡು ಚಿನ್ನದ ಅಂಚಿಗೆ ಬಿದ್ದು ಅಲ್ಲೇ ನೊರೆಯಾಗಿ ಅಂಟಿಕೊಂಡಿತು.

“ಮಾವಾ,” ಎಂದಳು ಚಿಮಣಿ. “ಇದು ಉರೀತಾ ಇದೆ.”

ಲೇತ್ ಮಾವ ಬಂದು ನೋಡಿದ. ಎಣ್ಣೆಯ ಚಿಂದಿಯೊಂದನ್ನು ಕಡ್ಡಿಗೆ ಸಿಕ್ಕಿಸಿ ಪಂಜಿನ ಮೇಲೆ ಹಿಡಿದ. ಅದು ಭಗ್ಗೆಂದು ಹತ್ತಿಕೊಂಡಿತು. “ನಲವತ್ತು ವರ್ಷದ ಕೆಲಸ ನಂದು,” ಎಂದ, ಚಿಂದಿಯನ್ನು ತುಳಿಯುತ್ತ. “ಮುಖದ ಮೇಲೆ ಉಗೀಬೇಕು. ಮೊದಲು ನಂಗೆ, ಆಮೇಲೆ ನಿಂಗೆ.”

ಅವಳು ಆಗಲೇ ಸಾಹೇಬರ ಕೋಣೆಗೆ ಹೋದಳು. ಅಧ್ಯಕ್ಷೆಯೂ ಅಲ್ಲಿದ್ದರು, ಇಬ್ಬರ ನಡುವೆ ಕೇಕಿನ ತಟ್ಟೆ ಇತ್ತು. ಎರಡೆರಡು ಗಾಳಿತೂತು ಮುಚ್ಚಿದರೆ ಹಳದಿ ಬೆಂಕಿ ವಾಪಸ್ ಬರುತ್ತದೆ, ಹತ್ತು ದಿನದ ಕೆಲಸ ಎಂದು ಚಿಮಣಿ ಹೇಳಿದಳು.

“ಮತ್ತೆ ಮಸಿ ಬರುತ್ತಲ್ಲಮ್ಮ,” ಎಂದರು ಸಾಹೇಬರು. “ಬಣ್ಣ ಬೇಕಿದ್ರೆ ನಾವು ಟೀವೀಲಿ ಸೇರಿಸ್ತೀವಿ. ಕಿತ್ತಳೆ ಬಣ್ಣ. ಅದೆಲ್ಲ ಆಗಲೇ ಮಾತಾಗಿದೆ.”

“ಹಿಡ್ಕೊಂಡೋರಿಗೆ ಟೀವಿ ಕಾಣಲ್ಲ ಸಾರ್. ಆರಿದೆ ಅನ್ಕೊಂಡು ಹತ್ರ ತಂದ್ರೆ ಮುಖ ಹೋಗುತ್ತೆ.”

“ನಿಮ್ಮ ದೊಡ್ಡಮ್ಮನಿಗೆ ಅಭ್ಯಾಸ ಇದೆಯಲ್ಲ,” ಎಂದರು ಅಧ್ಯಕ್ಷೆ, ಬೆರಳಿಗಂಟಿದ ಕೆನೆ ನೆಕ್ಕುತ್ತ. “ಬಿಸಿ ಗೊತ್ತೇ ಆಗಲ್ಲ ಅಂತ ಕ್ರೀಡಾಕೂಟದ ಪುಸ್ತಕದಲ್ಲೇ ಹಾಕಿದೀವಿ.”

ಸಾಹೇಬರು ಮೇಜಿನ ಖಾನೆಯಿಂದ ಪರೀಕ್ಷೆಯ ಹಾಳೆ ತೆಗೆದು ಅವಳತ್ತ ತಿರುಗಿಸಿದರು. “ಈ ಅಕ್ಷರ ಯಾರದ್ದು ಮೇಡಂ?” ಎಂದರು. ಎದುರಿಗೆ ದೊಡ್ಡವರಿದ್ದಾಗ ಅವಳು ಅವರಿಗೆ ಮೇಡಂ. ದುಂಡಗಿನ ‘ಕಾಣುತ್ತದೆ’ ಅವಳನ್ನೇ ಮಿಟಮಿಟ ನೋಡಿತು. ಅದರ ಕೆಳಗೆ ರುಜು. ಬಾಲಕ್ಕೆ ಒಂದು ಸುರುಳಿ ಬೇರೆ, ಆ ದಿನದ ಹೆಮ್ಮೆಗೆ. ಅವಳು ಹಾಳೆಯನ್ನು ಕೇಕಿನ ತಟ್ಟೆಯ ಪಕ್ಕ ಬಿಟ್ಟು ಹಿತ್ತಲ ನಲ್ಲಿಗೆ ಹೋದಳು. ಮುಖ ತೊಳೆಯಲು ಬೊಗಸೆ ಎತ್ತಿದರೆ ಕೈಯಲ್ಲಿ ಅದೇ ಮೋರಿಯ ನಾತ.

ಸಂಜೆ ಮನೆಯಲ್ಲಿ ದೊಡ್ಡಮ್ಮ ಸಮಿತಿಯವರು ಕಳಿಸಿದ್ದ ಬಿಳಿ ಅಂಗಿ, ಬಿಳಿ ಪಾಯಿಜಾಮ ಇಸ್ತ್ರಿ ಮಾಡುತ್ತಿದ್ದಳು. ನಾಲ್ಕನೇ ಸಲ.

“ಅದನ್ನ ಸವೆಸಿಬಿಡ್ತೀಯ ನೀನು,” ಎಂದಳು ಚಿಮಣಿ.

“ಸವೀಲಿ. ಒಂದು ದಿನದ ಬಟ್ಟೆ ತಾನೆ. ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?”

ಚಿಮಣಿ ಎಲ್ಲ ಹೇಳಿದಳು. ನೊಣದ್ದನ್ನೂ ಹೇಳಿದಳು.

“ಕಾಣದೇ ಇದ್ರೆ ಇಲ್ಲ ಅಂತಾನಾ? ಕೆನ್ನೆ ಇಲ್ವೇನೇ ನಂಗೆ?”

“ಅದೇ ಬೇಡ ಅನ್ನೋದು ದೊಡ್ಡಮ್ಮ. ಅದು ಕೆಂಡ ಅಲ್ಲ. ನೀಲಿ ಬೆಂಕಿ ಬಿಸಿಯನ್ನೆಲ್ಲ ಮೇಲಕ್ಕೆ ಉಗುಳುತ್ತೆ, ಪಕ್ಕಕ್ಕೆ ಬಿಡಲ್ಲ. ಕೆನ್ನೆಗೆ ಗೊತ್ತಾಗೋ ಹೊತ್ತಿಗೆ ಕೆನ್ನೆ ಇರಲ್ಲ. ಹೋಗಬೇಡ. ನಂಗೋಸ್ಕರ.”

ದೊಡ್ಡಮ್ಮ ಕಾಲರಿನ ಮೂಲೆ ಎಳೆದು ನೇರ ಮಾಡಿದಳು. “ಈ ಒಂದು ಸಲ ಮುಂದಿನ ಬಾಗಿಲಿಂದ ಹೋಗಿ ಬರ್ತೀನಿ ಕಣೇ,” ಎಂದಳು. “ಕೆನ್ನೆ ಹತ್ರ ತರಲ್ಲ, ಆಯ್ತಾ? ಮಾತು ಕೊಟ್ಟೆ.” ಮಾತು ಕೊಡುತ್ತಲೇ ಪೆಟ್ಟಿಗೆಯನ್ನು ಎತ್ತಿ ಎಡಗೆನ್ನೆಯ ಹತ್ತಿರ ತಂದು, ಕೇಳಿ, ಮತ್ತೆ ಬಟ್ಟೆಗಿಟ್ಟಳು. ತಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಚಿಮಣಿಗೆ ಗೊತ್ತಾಯಿತು. ಮಾರನೆಯ ದಿನ ಕಪ್ಪು ಬಟ್ಟೆಯನ್ನು ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಪಂಜಿನ ಓಟದ ತಾಲೀಮು ನಡೆದದ್ದು ಕ್ರೀಡಾಂಗಣದ ಮುಂದಿನ ಅಗಲ ರಸ್ತೆಯಲ್ಲಿ, ಮಟಮಟ ಮಧ್ಯಾಹ್ನ. ಎರಡೂ ಬದಿಗೆ ಹಗ್ಗ, ಹಗ್ಗದಾಚೆ ಜನ, ಅಲ್ಲಲ್ಲಿ ಕ್ಯಾಮೆರಾ. ದೊಡ್ಡಮ್ಮ ಬಿಳಿ ಬಟ್ಟೆಯಲ್ಲಿ ಬಂದು ನಿಂತಳು. ಅಂಗಿಯ ತೋಳಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಪರಿಕಲ್ಪನೆ ಸಾಹೇಬರು ತಾವೇ ಗುಂಡಿ ಒತ್ತಿ ಪಂಜನ್ನು ಅವಳ ಬಲಗೈಗೆ ಕೊಟ್ಟರು. ಏನೂ ಕಾಣಲಿಲ್ಲ. ಒಬ್ಬ ಕೈ ಬೀಸಿದ, ಚಪ್ಪಾಳೆ ಬಿದ್ದವು. ಅಧ್ಯಕ್ಷೆ ಬರಿಯ ಆಕಾಶಕ್ಕೆ ಚಪ್ಪಾಳೆ ತಟ್ಟುತ್ತ ಕಣ್ಣೊರೆಸಿಕೊಂಡರು.

ದೊಡ್ಡಮ್ಮ ಓಡಲಿಲ್ಲ, ನಡೆದಳು. ಮೆರವಣಿಗೆಯ ಆನೆಗೂ ಆ ಗತ್ತು ಬರುವುದಿಲ್ಲ. ಹಗ್ಗದ ಆಚೆ ಚಿಮಣಿ ಅವಳ ಸಮಕ್ಕೆ ಹೆಜ್ಜೆ ಹಾಕಿದಳು, ಚೀಲದೊಳಗೆ ಕೈಯಿಟ್ಟುಕೊಂಡು. ಮೂವತ್ತು ಹೆಜ್ಜೆಯಾಗಿರಬೇಕು, ಗುಂಪಿನಿಂದ ಯಾರೋ ಕೂಗಿದರು: “ಅಜ್ಜೀ, ನಿಮ್ಮದು ಆರಿಹೋಯ್ತು.”

ನಾಲ್ಕು ಜನ ನಕ್ಕರು. ದೊಡ್ಡಮ್ಮ ನಿಂತಳು. ಮೇಲೆ ನೋಡಿದಳು, ಪಂಜಿನ ಮೂತಿ, ಅದರಾಚೆ ಬಿಸಿಲು. ಗ್ಯಾಸಿನ ಸದ್ದು ಅವಳ ಮುದಿ ಕಿವಿಗೆ ಕೇಳುವಂಥದ್ದಲ್ಲ. ಅವಳ ಮುಖದಲ್ಲಿ ಒಂದು ಅವಮಾನ ಹಾದುಹೋಯಿತು, ಯಾರದೋ ಒಳ್ಳೆಯ ಅಂಗಿ ಸುಟ್ಟುಬಿಟ್ಟವಳ ಹಾಗೆ. ಬಲಗೈಯ ಪಂಜು ಎಡಗೈಗೆ ಬಂತು. ಎಡಗೈ ಮಡಿಯಿತು. ನಲವತ್ತೊಂದು ವರ್ಷ ಇಳಿದ ದಾರಿಯಲ್ಲೇ ಅದು ಮೆಲ್ಲಗೆ ಕೆನ್ನೆಯತ್ತ ಇಳಿಯತೊಡಗಿತು.

ಚಿಮಣಿ ಹಗ್ಗದ ಕೆಳಗೆ ನುಸುಳಿದಳು. ಎರಡೂ ಕೈಯಲ್ಲಿ ಬಟ್ಟೆ ಬಿಡಿಸಿ ದೊಡ್ಡಮ್ಮನ ಕಿವಿಗೂ ಪಂಜಿಗೂ ನಡುವೆ ಚಾಚಿದಳು. ಕಪ್ಪಿನ ಎದುರು ಬೆಂಕಿ ಥಟ್ಟನೆ ಹುಟ್ಟಿತು, ಗೇಣುದ್ದ, ನೀಲಿ. ಕಿವಿಯಿಂದ ಎರಡು ಬೆರಳು ದೂರ. ಅಷ್ಟರಲ್ಲೇ ಕಿವಿಯ ಮೇಲಿನ ಬಿಳಿಕೂದಲು ಸುರುಸುರು ಮುದುಡಿ, ಸುಟ್ಟ ಕೂದಲ ಹೊಲಸು ವಾಸನೆ ರಸ್ತೆಗೆಲ್ಲ ಹರಡಿತ್ತು. ನಕ್ಕವರು ಮೂಗು ಮುಚ್ಚಿಕೊಂಡರು.

“ಫ್ರೇಮಿನಿಂದ ಆ ಕಪ್ಪು ಬಟ್ಟೆ ತೆಗೀರಿ,” ಎಂದು ದೂರದಿಂದ ಸಾಹೇಬರು ಕೂಗುತ್ತಿದ್ದರು. “ಯಾರದು, ಕಪ್ಪು ಬಟ್ಟೆ ತೆಗೀರಿ.”

ದೊಡ್ಡಮ್ಮ ತೋಳನ್ನು ನೀಳವಾಗಿ ಆಚೆ ಚಾಚಿ ಬೆಂಕಿಯನ್ನು ನೋಡಿದಳು. ಚಿಮಣಿ ಬಟ್ಟೆ ಸರಿಸಿದರೆ ಇಲ್ಲ, ಹಿಡಿದರೆ ಇದೆ. ಎರಡು ಸಲ ಹಾಗೆ ನೋಡಿದಳು.

“ಇಷ್ಟುದ್ದ ಇದ್ದಾಳೇನೇ ಇವಳು,” ಎಂದಳು ಮೆಲ್ಲಗೆ. “ಮಕ್ಕಳನ್ನ ಆಚೆ ಬಿಟ್ಟು ಬಂದಿದ್ದಾಳೆ.”

ಅಧ್ಯಕ್ಷೆ ಬಿರಬಿರನೆ ಬಂದು, “ಅಮ್ಮಾ, ಇನ್ನೊಂದು ಸಲ ಮೊದಲಿಂದ ಮಾಡೋಣ. ಈ ಹುಡುಗೀನ ಆಚೆ ಕಳಿಸ್ತೀವಿ,” ಎಂದರು. ದೊಡ್ಡಮ್ಮ ಪಂಜನ್ನು ಅವರತ್ತ ಹಿಡಿದಳು. ಅಧ್ಯಕ್ಷೆ ಮೂರು ಹೆಜ್ಜೆ ಹಿಂದಕ್ಕೆ ಹಾರಿದರು.

“ನೋಡಿದ್ಯಾ, ಇವರಿಗೆ ಕಾಣುತ್ತೆ,” ಎಂದಳು ದೊಡ್ಡಮ್ಮ. ಗುಂಡಿ ಒತ್ತಿ ಆರಿಸಿ, ಪಂಜನ್ನು ರಸ್ತೆಯ ನಡುವೆ ಮಲಗಿಸಿ, ಅಂಗಿಯ ಮುಂಭಾಗ ನೇರ ಮಾಡಿಕೊಂಡು, ಬಂದ ದಾರಿಯಲ್ಲೇ ನಡೆದಳು. ಅತಿಥಿಗಳಿಗೆಂದು ಬಿಟ್ಟಿದ್ದ ಮುಂದಿನ ಬಾಗಿಲಿಂದಲೇ ಹೊರಗೆ ಹೋದಳು. ಅಷ್ಟು ದೂರವೂ ಚಿಮಣಿಯ ಮೊಣಕೈ ಬಿಡಲಿಲ್ಲ.

ಚಿಮಣಿಯನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ತೆಗೆಯಲಿಲ್ಲ. ಹತ್ತು ದಿನದ ನಂತರ ಪರಿಕಲ್ಪನೆ ಸಾಹೇಬರು ಹೊಸ ನಕ್ಷೆ ತಂದರು. ಪಂಜಿನ ಮೂತಿಯ ಹಿಂದೆ ಅಂಗೈಯಗಲದ ಕಪ್ಪು ಲೋಹದ ಎಲೆ. “ಮನುಕುಲದ ಕತ್ತಲು,” ಎಂದರು ಕಣ್ಣು ಅರೆಮುಚ್ಚಿ. “ಅದರ ಎದುರು ಭರವಸೆಯ ಜ್ವಾಲೆ. ಮೊದಲ ದಿನದಿಂದಲೂ ನನ್ನ ಮನಸ್ಸಲ್ಲಿ ಇದ್ದ ಪರಿಕಲ್ಪನೆ.” ಅಧ್ಯಕ್ಷೆ ಕಾಗದ ಚೂಪು ಮಾಡಿಕೊಂಡರು.

ಲೇತ್ ಮಾವ ಹಿಂದಿನ ಸಾಲಿನಿಂದ ಕೈಯೆತ್ತಿದ. “ಹೆಂಗೂ ಕಪ್ಪು ಬಳೀತೀರಿ. ಇನ್ನು ಮಸಿ ಹಿಡಿದ್ರೆ ಯಾರಿಗೆ ಗೊತ್ತಾಗುತ್ತೆ ಸಾರ್? ಎರಡು ತೂತು ಮುಚ್ಚಿದ್ರೆ ಈ ಎಲೇನೂ ಬೇಡ.” ಚಹಾ ಬಂತು.

ಎಂಟು ಸಾವಿರ ಕತ್ತಲನ್ನು ಎಂಟು ಸಾವಿರ ಪಂಜಿಗೆ ಕೂರಿಸಿದವಳು ಚಿಮಣಿ. ಹೊಸ ಹಾಳೆಗೆ ರುಜು ಹಾಕುವ ಮುಂಚೆ ಒಂದನ್ನು ನಡುಹಗಲಲ್ಲಿ ಅಂಗಳಕ್ಕೆ ಒಯ್ದು, ಸುತ್ತ ಒಂದು ಸುತ್ತು ಬಂದು, ‘ಒಂದು ಬದಿಯಿಂದ ಮಾತ್ರ ಕಾಣುತ್ತದೆ, ಹಿಡಿದವರ ಬದಿಯಿಂದ’ ಎಂದು ಬರೆದಳು. ‘ಮಾತ್ರ’ ತೆಗೆಯಿರಿ ಎಂದರು. ತೆಗೆಯಲಿಲ್ಲ. ಬಾಲಕ್ಕೆ ಸುರುಳಿಯನ್ನೂ ಹಾಕಲಿಲ್ಲ.

ಮೊದಲ ಪಂಜನ್ನು ಯಾರೋ ಓಟಗಾರ ಹಿಡಿದ. ಅವನ ಮುಖಕ್ಕೆ ಏನೂ ಆಗಲಿಲ್ಲ. ಹೊಳೆಯುವ ಪುಸ್ತಕದಲ್ಲಿ ಮಾತ್ರ ದೊಡ್ಡಮ್ಮನೇ ಉಳಿದಿದ್ದಳು. ತಾಲೀಮಿನ ಫೋಟೋಕ್ಕೆ ಕಿತ್ತಳೆ ಬಣ್ಣದ ಬೆಂಕಿ ಬರೆದಿದ್ದರು. ಕಪ್ಪು ಬಟ್ಟೆಯನ್ನೂ ಚಿಮಣಿಯನ್ನೂ ಅಳಿಸಿದ್ದರು. ಅಳಿಸಿದವನಿಗೆ ಅವಸರವಿತ್ತೇನೋ, ಅವಳ ಎರಡು ಬೆರಳು ದೊಡ್ಡಮ್ಮನ ಕಿವಿಯ ಹಿಂದಿನಿಂದ ಮೊಳೆತಂತೆ ಹಾಗೇ ಇದ್ದವು.

ಪುಸ್ತಕದ ಜೊತೆಗೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಒಂದು ಪಂಜೂ ಮನೆಗೆ ಬಂತು, ಗ್ಯಾಸ್ ಖಾಲಿ ಮಾಡಿದ್ದು. ದೊಡ್ಡಮ್ಮ ಆಗ ಹಿತ್ತಲಲ್ಲಿ ಮೊಣಕಾಲೂರಿ ಕೂತಿದ್ದಳು. ಬಟ್ಟೆ ಒಗೆಯುವ ಜಾಗದ ಮೋರಿ ಕಟ್ಟಿಕೊಂಡು, ಬೂದುಬಣ್ಣದ ನೀರು ಪಾದ ಮುಳುಗುವಷ್ಟು ನಿಂತಿತ್ತು. ಕಿವಿಯ ಮೇಲೆ ಸುಟ್ಟ ಕಡೆ ಕೂದಲು ಕುಚ್ಚುಕುಚ್ಚಾಗಿ ಹುಟ್ಟುತ್ತಿತ್ತು.

“ಏನೇ ಅದು?”

“ಪಂಜು. ನಿನಗೆ ನೆನಪಿಗೆ ಇರಲಿ ಅಂತೆ.”

“ತಾ ಇಲ್ಲಿ.” ದೊಡ್ಡಮ್ಮ ಒದ್ದೆ ಕೈಯಲ್ಲಿ ಅದನ್ನು ತೂಗಿ ನೋಡಿದಳು. ಎಡಗೆನ್ನೆಯ ಹತ್ತಿರ ತಂದಳು. ಚಿಮಣಿ ಗೊತ್ತಿಲ್ಲದೆಯೇ ಕೈ ಅಡ್ಡ ಚಾಚಿದಳು. “ತಣ್ಣಗಿದೆ,” ಎಂದಳು. ಆಮೇಲೆ ಮೂಸಿ, ಮುಖ ಕಿವುಚಿ, “ಥೂ. ಇದು ಮೋರಿಯಲ್ಲೇ ಹುಟ್ಟಿದ ಹಾಗಿದೆ,” ಎಂದು ಕಪ್ಪು ಎಲೆಯನ್ನು ಮುರಿದು ಬಿಸಾಕಿ, ಚಿನ್ನದ ಮೂತಿಯನ್ನು ತೂತಿಗಿಟ್ಟು ಮೊಣಕೈವರೆಗೆ ನೂಕಿದಳು.

ಒಳಗೆ ಏನೋ ಗಳಗಳ ಎಂದಿತು. ಕೂದಲು, ಸೋಪಿನ ಜಿಡ್ಡು, ಯಾವ ಕಾಲದ್ದೋ ಚಿಂದಿ, ಎಲ್ಲ ಒಂದು ಉಂಡೆಯಾಗಿ ಮೂತಿಗೆ ಸಿಕ್ಕಿ ಮೇಲೆ ಬಂತು. ನೀರು ಸುತ್ತುತ್ತ ಇಳಿಯತೊಡಗಿತು.

“ಉದ್ದ ಸರಿಯಾಗಿ ಮಾಡಿದ್ದೀರಿ,” ಎಂದಳು ದೊಡ್ಡಮ್ಮ. “ಅದನ್ನ ಎಳೆದು ಹಾಕು.”

ಚಿಮಣಿ ಉಸಿರು ಬಿಗಿಹಿಡಿದು, ಎರಡು ಬೆರಳಲ್ಲಿ ಆ ಉಂಡೆಯನ್ನು ಎಳೆದು ಹಾಕಿದಳು.